ಜನನೇಂದ್ರಿಯದ ಹರ್ಪಿಸ್: ದಂಪತಿಗಳು ಅರಿತಿರಬೇಕಾದ ಸಂಗತಿಗಳು

ಕೈಕಾಲಿನಲ್ಲಿ ಹುಣ್ಣಾದರೆ ಮನೆಯವರಿಗೆ ತೋರಿಸುತ್ತೇವೆ, ನೆರೆಯವರನ್ನು ಕೇಳುತ್ತೇವೆ, ವೈದ್ಯರ ಬಳಿಗೆ ಹೋಗುತ್ತೇವೆ. ಗುಹ್ಯಭಾಗದಲ್ಲಿ ಹುಣ್ಣಾದಾಗ ಮಾತ್ರ ಬಾಯಿ ಕಟ್ಟುತ್ತದೆ. ಗಂಡ ಹೆಂಡತಿಗೆ ಹೇಳುವುದಿಲ್ಲ; ಹೆಂಡತಿ ಅತ್ತೆಗೆ ಹೇಳುವುದಂತೂ ಇರಲಿ, ಗಂಡನಿಗೂ ಹೇಳಲು ನಾಚುತ್ತಾಳೆ. ಉಷ್ಣವಾಗಿರಬೇಕೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಎಳನೀರು ಮಜ್ಜಿಗೆ ಕುಡಿದು, ನಾಲ್ಕಾರು ದಿನ ನೋವನ್ನು ನುಂಗಿಕೊಂಡಿರುತ್ತಾರೆ. ಹುಣ್ಣು ತಾನಾಗಿಯೇ ಮಾಯುತ್ತದೆ. ಕೆಲವು ತಿಂಗಳುಗಳ ತರುವಾಯ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಹೀಗೆ ಬಂದು ಹೋಗಿ, ಹೋಗಿ ಬರುವ ಹುಣ್ಣಿಗೆ ಅನೇಕ ವೇಳೆ ಕಾರಣವಾಗಿರುವುದು ಹರ್ಪಿಸ್ ಎಂಬ ಸೋಂಕು. ಅದು ಪ್ರಾಣ ತೆಗೆಯುವ ರೋಗವಲ್ಲ. ಆದರೆ ಸರಿಯಾಗಿ ತಿಳಿದುಕೊಳ್ಳದಿದ್ದಲ್ಲಿ ಸಂಸಾರದ ನೆಮ್ಮದಿಯನ್ನು ಕೆಡಿಸಬಲ್ಲದು, ಅಪರೂಪವಾಗಿ ಹಸುಗೂಸಿನ ಜೀವಕ್ಕೂ ಎರವಾಗಬಲ್ಲದು.

ಹರ್ಪಿಸ್ ಎಂಬುದು ಗ್ರೀಕ್ ಭಾಷೆಯ ಶಬ್ದ. ತೆವಳುವುದು, ಹರಿದಾಡುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ನಮ್ಮ ಸರ್ಪ ಶಬ್ದವೂ ಅದೇ ಮೂಲಕ್ಕೆ ಸೇರಿದುದೆಂದು ಭಾಷಾವಿದರು ಹೇಳುತ್ತಾರೆ. ಹೆಸರಿನ ನಂಟು ಹೀಗಿದ್ದರೂ, ನಮ್ಮ ಹಳ್ಳಿಗಳಲ್ಲಿ ಸರ್ಪಸುತ್ತು ಎಂದು ಕರೆಯುವ ವ್ಯಾಧಿ ಬೇರೆ, ಇಲ್ಲಿ ವಿವರಿಸುತ್ತಿರುವ ವ್ಯಾಧಿ ಬೇರೆ. ಸರ್ಪಸುತ್ತು ಮೈಯ ಒಂದೇ ಪಾರ್ಶ್ವದಲ್ಲಿ ಪಟ್ಟಿಯಂತೆ ಏಳುತ್ತದೆ. ಅದಕ್ಕೆ ಕಾರಣ ಸೀತಾಳೆ ಸಿಡುಬನ್ನು ಉಂಟುಮಾಡುವ ವೈರಸ್. ಎರಡೂ ಒಂದೇ ಕುಲದ ವೈರಸ್‌ಗಳಾದ್ದರಿಂದ ಗುಳ್ಳೆಗಳು ನೋಡಲು ಹೋಲುತ್ತವೆ, ಅಷ್ಟೆ. ಕೆಮ್ಮಣ್ಣು ಹಚ್ಚುವುದಾಗಲಿ, ಮಂತ್ರ ಹಾಕಿಸುವುದಾಗಲಿ ಎರಡಕ್ಕೂ ಚಿಕಿತ್ಸೆಯಲ್ಲ. ನಾಗದೋಷಕ್ಕೂ ಇವುಗಳಿಗೂ ಯಾವ ಸಂಬಂಧವೂ ಇಲ್ಲ.

ಈ ಹುಣ್ಣನ್ನು ತರುವ ವೈರಸ್‌ನಲ್ಲಿ ಎರಡು ಬಗೆಗಳಿವೆ. ಮೊದಲನೆಯ ಬಗೆಯು ಸಾಮಾನ್ಯವಾಗಿ ತುಟಿಯ ಅಂಚಿನಲ್ಲಿ ಗುಳ್ಳೆಗಳನ್ನು ಎಬ್ಬಿಸುತ್ತದೆ. ಜ್ವರ ಬಂದು ಬಿಟ್ಟ ಮೇಲೆ ತುಟಿಯ ಮೇಲೆ ಏಳುವ ಗುಳ್ಳೆಗಳನ್ನು ಎಲ್ಲರೂ ಕಂಡಿದ್ದಾರೆ. ಎರಡನೆಯ ಬಗೆಯು ಹೆಚ್ಚಾಗಿ ಜನನೇಂದ್ರಿಯದ ಭಾಗದಲ್ಲಿ ನೆಲೆಸುತ್ತದೆ. ಆದರೆ ಈ ಗಡಿಯೇನೂ ಕಟ್ಟುನಿಟ್ಟಿನದಲ್ಲ. ತುಟಿಯ ವೈರಸ್ ಬಾಯಿಯ ಸಂಪರ್ಕದಿಂದ ಜನನೇಂದ್ರಿಯಕ್ಕೂ ತಗುಲಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 15ರಿಂದ 49 ವರ್ಷ ವಯಸ್ಸಿನವರ ಪೈಕಿ 84 ಕೋಟಿಗೂ ಹೆಚ್ಚು ಮಂದಿಗೆ, ಎಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ, ಜನನೇಂದ್ರಿಯದ ಹರ್ಪಿಸ್ ಸೋಂಕು ಇದ್ದಿತು. ಅವರಲ್ಲಿ ಬಹುಪಾಲು ಜನರಿಗೆ ತಮಗೆ ಸೋಂಕಿದೆಯೆಂಬ ಅರಿವೇ ಇರುವುದಿಲ್ಲ. ಆದುದರಿಂದ ಈ ರೋಗ ಬಂದವರು ತಾವೊಬ್ಬರೇ ಎಂದು ಭಾವಿಸಿ ಕೊರಗಬೇಕಾಗಿಲ್ಲ.

ಹುಣ್ಣು ಮರಳಿ ಬರುವುದೇಕೆ?

ಸೋಂಕಿರುವವರ ಚರ್ಮ ಅಥವಾ ಒಳಚರ್ಮವು ಮತ್ತೊಬ್ಬರ ಚರ್ಮಕ್ಕೆ ನೇರವಾಗಿ ತಾಗಿದಾಗ, ಮುಖ್ಯವಾಗಿ ಲೈಂಗಿಕ ಸಂಪರ್ಕದಲ್ಲಿ, ವೈರಸ್ ಒಳಹೊಗುತ್ತದೆ. ಒಳಹೊಕ್ಕ ಮೇಲೆ ಅದು ಚರ್ಮದಲ್ಲಿ ಗುಳ್ಳೆಯನ್ನು ಎಬ್ಬಿಸುವುದಲ್ಲದೆ, ಅಲ್ಲಿನ ನರದ ಎಳೆಯನ್ನು ಹಿಡಿದು ಮೇಲಕ್ಕೆ ಸಾಗಿ, ಬೆನ್ನುಹುರಿಯ ಬಳಿ ಇರುವ ನರಗಂಟುಗಳಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿ ಅದು ಸದ್ದಿಲ್ಲದೆ ಮಲಗಿರುತ್ತದೆ. ಹೊಲದಲ್ಲಿ ಜೇಕು ಕಿತ್ತವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಮೇಲಿನ ಹುಲ್ಲನ್ನು ಎಷ್ಟು ಸಲ ಕಿತ್ತರೂ ನೆಲದೊಳಗಿನ ಗಡ್ಡೆ ಉಳಿದಿರುತ್ತದೆ. ಹದ ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ದೇಹದ ಶಕ್ತಿ ಕುಂದಿದಾಗ, ಜ್ವರ ಬಂದಾಗ, ನಿದ್ದೆಗೆಟ್ಟಾಗ, ಮನಸ್ಸಿಗೆ ಚಿಂತೆ ಹತ್ತಿದಾಗ, ಕೆಲವು ಹೆಂಗಸರಲ್ಲಿ ಮುಟ್ಟಿನ ದಿನಗಳ ಆಸುಪಾಸಿನಲ್ಲಿ, ಮಲಗಿದ್ದ ವೈರಸ್ ಎಚ್ಚೆತ್ತು ಅದೇ ನರದ ದಾರಿಯಲ್ಲಿ ಚರ್ಮಕ್ಕೆ ಇಳಿಯುತ್ತದೆ. ಯಾವ ಕಾರಣವೂ ಕಾಣದೆ ಬರುವುದೂ ಉಂಟು. ಬದನೆಕಾಯಿ, ಮೀನು ಮೊದಲಾದ ನಂಜಿನ ಪದಾರ್ಥಗಳಿಂದ ಬರುತ್ತದೆಂಬ ಮಾತಿಗೆ ಆಧಾರವಿಲ್ಲ. ಕಟ್ಟುನಿಟ್ಟಾದ ಪಥ್ಯ ಮಾಡಿ ಮೈ ಇಳಿಸಿಕೊಳ್ಳುವುದರಿಂದ ಲಾಭವಿಲ್ಲ.

ಹೊಸದಾಗಿ ಸೋಂಕು ತಗುಲಿ ರೋಗ ಕಾಣಿಸಿಕೊಳ್ಳುವುದಾದರೆ, ಸಾಮಾನ್ಯವಾಗಿ 2ರಿಂದ 12 ದಿನಗಳೊಳಗೆ ಕಾಣಿಸುತ್ತದೆ. ಮೊದಲು ತುರಿಕೆ, ಉರಿ. ಅನಂತರ ಕೆಂಪು ಚರ್ಮದ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳ ಗುಂಪು. ಒಂದೆರಡು ದಿನಗಳಲ್ಲಿ ಅವು ಒಡೆದು ಬಹಳ ನೋಯುವ ಹುಣ್ಣುಗಳಾಗುತ್ತವೆ. ಜ್ವರ, ಮೈಕೈ ನೋವು, ತೊಡೆಸಂದಿಯಲ್ಲಿ ಗಂಟು, ಮೂತ್ರ ಮಾಡುವಾಗ ಸಹಿಸಲಾಗದ ಉರಿ ಇವೂ ಜೊತೆಗೂಡಬಹುದು. ಈ ಮೊದಲ ಬಾರಿಯ ತೊಂದರೆ ಎರಡರಿಂದ ನಾಲ್ಕು ವಾರಗಳ ತನಕ ಇರುತ್ತದೆ. ಮರಳಿ ಬರುವ ಹುಣ್ಣುಗಳು ಇಷ್ಟು ತೀವ್ರವಾಗಿರುವುದಿಲ್ಲ. ಗುಳ್ಳೆಗಳು ಕಡಮೆ, ಜ್ವರ ಅಪರೂಪ, ಸಾಮಾನ್ಯವಾಗಿ 5ರಿಂದ 10 ದಿನಗಳಲ್ಲಿ ಮಾಯುತ್ತವೆ. ಎರಡನೆಯ ಬಗೆಯ ವೈರಸ್ ಆಗಿದ್ದರೆ ಮೊದಲ ವರ್ಷದಲ್ಲಿ ನಾಲ್ಕಾರು ಬಾರಿ ಮರುಕಳಿಸಬಹುದು. ಮೊದಲನೆಯ ಬಗೆಯದಾದರೆ ಒಮ್ಮೆ ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ವರ್ಷಗಳು ಉರುಳಿದಂತೆ ಎರಡೂ ಬಗೆಗಳಲ್ಲಿ ಕಾಟ ಇಳಿಮುಖವಾಗುತ್ತದೆ. ಗುಳ್ಳೆ ಏಳುವುದಕ್ಕೆ ಒಂದು ದಿನ ಮೊದಲೇ ಆ ಜಾಗದಲ್ಲಿ ಜುಮುಜುಮು ಎನ್ನುವುದು, ತೊಡೆ ಪೃಷ್ಠಗಳಲ್ಲಿ ಸೆಳೆತ ಬರುವುದು ಅನೇಕರಿಗೆ ಅನುಭವಕ್ಕೆ ಬರುತ್ತದೆ. ಈ ಮುನ್ಸೂಚನೆಯನ್ನು ಗುರುತಿಸಲು ಕಲಿತವರಿಗೆ ಮುಂದಿನದೆಲ್ಲ ಸುಲಭ.

ಯಾರಿಂದ ಬಂತು?

ಈ ಪ್ರಶ್ನೆಯೇ ಅನೇಕ ಮನೆಗಳನ್ನು ಒಡೆಯುತ್ತದೆ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

ಮದುವೆಯಾಗಿ ಎಂಟು ವರ್ಷ ಒಟ್ಟಿಗೆ ಬಾಳಿದ ದಂಪತಿಗಳಿದ್ದಾರೆಂದು ಇಟ್ಟುಕೊಳ್ಳೋಣ. ಇಬ್ಬರು ಮಕ್ಕಳು. ಒಂದು ದಿನ ಹೆಂಡತಿಗೆ ಹುಣ್ಣು ಕಾಣಿಸಿಕೊಂಡಿತು. ಗಂಡನಿಗೆ ಏನೂ ಇಲ್ಲ. ನನಗಿಲ್ಲದ ರೋಗ ಇವಳಿಗೆ ಎಲ್ಲಿಂದ ಬಂತೆಂದು ಅವನು ಕೇಳುತ್ತಾನೆ. ಕೇಳದಿದ್ದರೆ ಅವನ ತಾಯಿ ಕೇಳುತ್ತಾಳೆ. ಅವಳನ್ನು ತವರಿಗೆ ಕಳುಹಿಸುವ ಮಾತು ಏಳುತ್ತದೆ. ಆದರೆ ವಾಸ್ತವಾಂಶವೇನು? ಗಂಡನಿಗೆ ಸೋಂಕು ಮದುವೆಗೆ ಎಷ್ಟೋ ಮುಂಚೆ ತಗುಲಿ, ಒಂದು ಬಾರಿಯೂ ಹುಣ್ಣಾಗದೆ ಇದ್ದಿರಬಹುದು. ಹುಣ್ಣಿಲ್ಲದ ದಿನಗಳಲ್ಲಿಯೂ ವೈರಸ್ ಆಗೀಗ ಚರ್ಮದ ಮೇಲೆ ಕಾಣದಂತೆ ಹೊರಬೀಳುತ್ತಿರುತ್ತದೆ. ಹರಡುವುದು ಹೆಚ್ಚಾಗಿ ಇಂಥ ವೇಳೆಯಲ್ಲಿಯೇ. ಗಂಡಸಿನಿಂದ ಹೆಂಗಸಿಗೆ ಸೋಂಕು ತಗುಲುವುದು ಹೆಂಗಸಿನಿಂದ ಗಂಡಸಿಗೆ ತಗುಲುವುದಕ್ಕಿಂತ ಸುಲಭ. ಇನ್ನೂ ಒಂದು ಸಾಧ್ಯತೆ: ಹೆಂಡತಿಗೇ ಸೋಂಕು ವರ್ಷಗಳ ಹಿಂದೆ ತಗುಲಿ, ಈಗ ಮೊದಲ ಬಾರಿಗೆ ಕಣ್ಣಿಗೆ ಕಾಣುವಂತೆ ಎದ್ದಿರಬಹುದು. ಗಂಡನ ತುಟಿಯ ಮೇಲಿದ್ದ ಜ್ವರದ ಗುಳ್ಳೆಯಿಂದಲೂ ಬಂದಿರಬಹುದು. ಈ ಯಾವ ಸಂದರ್ಭದಲ್ಲಿಯೂ ಇಬ್ಬರಲ್ಲಿ ಒಬ್ಬರೂ ದಾಂಪತ್ಯಕ್ಕೆ ದ್ರೋಹವೆಸಗಿಲ್ಲ.

ರಕ್ತ ಪರೀಕ್ಷೆ ಮಾಡಿಸಿ ಕಳ್ಳನನ್ನು ಹಿಡಿಯುತ್ತೇವೆಂಬ ಭರವಸೆಯೂ ಸಲ್ಲದು. ರಕ್ತದಲ್ಲಿ ಕಾಣುವುದು ಸೋಂಕಿಗೆ ಎದುರಾಗಿ ದೇಹ ತಯಾರಿಸಿಕೊಂಡ ಪ್ರತಿಕಾಯಗಳು. ಅವು ಸೋಂಕು ಎಂದು ಬಂತೆಂಬುದನ್ನಾಗಲಿ, ಯಾರಿಂದ ಬಂತೆಂಬುದನ್ನಾಗಲಿ ಹೇಳಲಾರವು. ಊರಿನ ಹಿರಿಯರ ಮುಂದೆ ಪಂಚಾಯಿತಿಗೆ ಇಂಥ ಚೀಟಿಯನ್ನು ಹಿಡಿದು ನಿಲ್ಲುವುದು ಅನ್ಯಾಯ.

ಹಾಗೆಂದು ಹರ್ಪಿಸ್ ಯಾವಾಗಲೂ ಹಳೆಯ ಸೋಂಕೇ ಎಂದು ಹೇಳಲೂ ಬರುವುದಿಲ್ಲ. ಗುಳೆ ಹೋದ ಊರಿನಲ್ಲಿ, ಲಾರಿಯ ದಾರಿಯಲ್ಲಿ, ಅಥವಾ ತಮ್ಮ ಊರಿನಲ್ಲಿಯೇ ಬೇರೆ ಸಂಪರ್ಕವಾಗಿದ್ದಲ್ಲಿ ಅದನ್ನು ವೈದ್ಯರಿಗಂತೂ ಮುಚ್ಚಿಡಬಾರದು. ಪತಿ ಅಥವಾ ಪತ್ನಿಗೂ ಚಿಕಿತ್ಸೆ, ಪರೀಕ್ಷೆಗಳು ಬೇಕಾಗುತ್ತವೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಮಾತೆತ್ತಬೇಕಾದವನು ಗಂಡ. ನಮ್ಮ ಸಮಾಜದಲ್ಲಿ ಅಪವಾದದ ಭಾರವನ್ನು ಹೊರುವವಳು ಸಾಮಾನ್ಯವಾಗಿ ಹೆಂಡತಿಯಾದ್ದರಿಂದ, ಅವಳು ತಾನಾಗಿ ಹೇಳಲಿ ಎಂದು ಕಾಯುವುದು ಉಚಿತವಲ್ಲ.

ಚಿಕಿತ್ಸೆ

ಗುಹ್ಯಭಾಗದ ಹುಣ್ಣುಗಳೆಲ್ಲ ಹರ್ಪಿಸ್ ಅಲ್ಲ. ಫಿರಂಗಿ ರೋಗವೆಂದು ಹಿಂದೆ ಹೆಸರಾಗಿದ್ದ ಸಿಫಿಲಿಸ್‌ನಲ್ಲಿಯೂ ಹುಣ್ಣಾಗುತ್ತದೆ. ಅದು ಹೆಚ್ಚಾಗಿ ಒಂಟಿಯಾಗಿದ್ದು, ನೋಯುವುದಿಲ್ಲ. ನೋವಿಲ್ಲವೆಂದು ಅಲಕ್ಷಿಸಿದರೆ ಮುಂದೆ ಹೃದಯ, ಮೆದುಳು, ಗರ್ಭದಲ್ಲಿರುವ ಶಿಶು ಎಲ್ಲಕ್ಕೂ ಹಾನಿ. ಪೆನಿಸಿಲಿನ್ ಚುಚ್ಚುಮದ್ದಿನಿಂದ ಅದು ಪೂರ್ತಿ ಗುಣವಾಗುತ್ತದೆ. ಹರ್ಪಿಸ್‌ಗೆ ಪೆನಿಸಿಲಿನ್‌ನಿಂದ ಯಾವ ಪ್ರಯೋಜನವೂ ಇಲ್ಲ. ಆದುದರಿಂದ ಗುಳ್ಳೆ ಅಥವಾ ಹುಣ್ಣು ಹಸಿಯಾಗಿರುವಾಗಲೇ ವೈದ್ಯರಿಗೆ ತೋರಿಸುವುದು ಅವಶ್ಯಕ. ಮಾಯ್ದ ಮೇಲೆ ಹೋದರೆ ಗುರುತಿಸುವುದು ಕಷ್ಟ. ಅನುಮಾನವಿದ್ದಲ್ಲಿ ಹುಣ್ಣಿನ ದ್ರವವನ್ನು ಹತ್ತಿಯ ಕಡ್ಡಿಯಿಂದ ತೆಗೆದು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಸಿಫಿಲಿಸ್ ಮತ್ತು ಹೆಚ್.ಐ.ವಿ. ಪರೀಕ್ಷೆಗಳನ್ನೂ ಜೊತೆಯಲ್ಲಿಯೇ ಮಾಡಿಸಿಕೊಳ್ಳಬೇಕು. ಎರಡನೆಯ ಬಗೆಯ ಹರ್ಪಿಸ್ ಇರುವವರಿಗೆ ಹೆಚ್.ಐ.ವಿ. ತಗುಲುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚು.

ನರಗಂಟಿನಲ್ಲಿ ಅಡಗಿರುವ ವೈರಸ್ಸನ್ನು ಬೇರುಸಹಿತ ಕೀಳುವ ಔಷಧಿ ಇನ್ನೂ ದೊರೆತಿಲ್ಲ. ಬಾರದಂತೆ ತಡೆಯುವ ಲಸಿಕೆಯೂ ಬಳಕೆಗೆ ಬಂದಿಲ್ಲ. ಶಾಶ್ವತವಾಗಿ ವಾಸಿ ಮಾಡುತ್ತೇವೆಂದು ಗೋಡೆಗಳ ಮೇಲೆ ಬರೆಸುವವರಿಗೆ ಹಣ ಸುರಿಯುವುದು ವ್ಯರ್ಥ. ಆದರೆ ಹುಣ್ಣನ್ನು ಬೇಗ ಮಾಯಿಸುವ, ಮತ್ತೆ ಮತ್ತೆ ಬಾರದಂತೆ ಹಿಡಿದಿಡುವ ಒಳ್ಳೆಯ ಮಾತ್ರೆಗಳು ಇವೆ. ಅವುಗಳಲ್ಲಿ ಮುಖ್ಯವಾದುದು ಅಸೈಕ್ಲೋವಿರ್. 1982ರಲ್ಲಿ ಅಮೆರಿಕದಲ್ಲಿ ಬಳಕೆಗೆ ಅನುಮತಿ ಪಡೆದ ಈ ಔಷಧಿಯ ಹಿಂದಿನ ಸಂಶೋಧನೆಯಲ್ಲಿ ಪ್ರಮುಖರಾಗಿದ್ದ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಗೆ 1988ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮೊದಲ ಬಾರಿಯ ಹುಣ್ಣಿಗೆ ವೈದ್ಯರು ಸಾಮಾನ್ಯವಾಗಿ 400 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಬಾರಿಯಂತೆ 7ರಿಂದ 10 ದಿನಗಳವರೆಗೆ ಕೊಡುತ್ತಾರೆ. ಮರುಕಳಿಸಿದಾಗ ಕಡಮೆ ದಿನಗಳು ಸಾಕು. ಆದರೆ ಮುನ್ಸೂಚನೆ ಕಂಡ ದಿನವೇ ಪ್ರಾರಂಭಿಸಿದರೆ ಮಾತ್ರ ಅದರ ಗುಣ ಚೆನ್ನಾಗಿ ತೋರುತ್ತದೆ. ಈ ಕಾರಣದಿಂದ, ವೈದ್ಯರ ಸಲಹೆಯಂತೆ ಒಂದು ಸುತ್ತಿನ ಮಾತ್ರೆಗಳನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು ಮೇಲು. ವರ್ಷದಲ್ಲಿ ಆರು ಬಾರಿ ಅಥವಾ ಅದಕ್ಕೂ ಹೆಚ್ಚಾಗಿ ಬರುವವರಿಗೆ ಪ್ರತಿದಿನವೂ ಮಾತ್ರೆ ತೆಗೆದುಕೊಳ್ಳುವ ಕ್ರಮವಿದೆ. ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಮೊದಲೇ ತಿಳಿಸಬೇಕು. ಅವರಿಗೆ ಪ್ರಮಾಣ ಬೇರೆ. ಅಸೈಕ್ಲೋವಿರ್ ಮುಲಾಮಿನಿಂದ ಜನನೇಂದ್ರಿಯದ ಹುಣ್ಣಿಗೆ ಹೇಳಿಕೊಳ್ಳುವಂಥ ಉಪಯೋಗವಿಲ್ಲ, ಮಾತ್ರೆಯೇ ಬೇಕು.

ಮನೆಯಲ್ಲಿ ಮಾಡಬಹುದಾದ ಉಪಚಾರ ಸರಳವಾದುದು. ಅಗಲವಾದ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಒಂದು ಹಿಡಿ ಉಪ್ಪು ಕರಗಿಸಿ, ಅದರಲ್ಲಿ ಹತ್ತು ಹದಿನೈದು ನಿಮಿಷ ಕುಳಿತರೆ ನೋವು ತಗ್ಗುತ್ತದೆ. ಅನಂತರ ಶುಭ್ರವಾದ ಬಟ್ಟೆಯಿಂದ ಉಜ್ಜದೆ ಒತ್ತಿ ಒರಸಬೇಕು. ಸಡಿಲವಾದ ಹತ್ತಿಯ ಒಳಉಡುಪು ಧರಿಸಬೇಕು. ಮೂತ್ರ ಮಾಡುವಾಗ ಚೊಂಬಿನಿಂದ ನೀರು ಸುರಿದುಕೊಂಡರೆ ಉರಿ ಕಡಮೆಯಾಗುತ್ತದೆ. ಉರಿಯ ಭಯದಿಂದ ನೀರು ಕುಡಿಯುವುದನ್ನು ಬಿಡಬಾರದು. ನೋವಿಗೆ ಪ್ಯಾರಸಿಟಮಾಲ್ ಮಾತ್ರೆ ಸಾಕು. ಗುಳ್ಳೆಗಳನ್ನು ಚುಚ್ಚಬಾರದು. ಹುಣ್ಣನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣಿಗೆ ತಾಗಿಸಲೇಬಾರದು; ಕಣ್ಣಿಗೆ ಸೋಂಕಾದರೆ ದೃಷ್ಟಿಗೇ ಅಪಾಯ. ಸುಣ್ಣ, ಬೂದಿ, ಸೀಮೆಎಣ್ಣೆ, ಗಿಡದ ಹಾಲು ಇವನ್ನು ಹಚ್ಚಿ ಚರ್ಮವನ್ನು ಸುಟ್ಟುಕೊಂಡು ಬರುವವರು ಇದ್ದಾರೆ. ಅಂಗಡಿಯವನು ಕೊಟ್ಟ ಸ್ಟೀರಾಯ್ಡ್ ಬೆರೆತ ತುರಿಕೆಯ ಮುಲಾಮು ಕೂಡ ಸಲ್ಲದು. ಮೂತ್ರ ಪೂರ್ತಿ ಕಟ್ಟಿಕೊಂಡರೆ, ತೀವ್ರವಾದ ತಲೆನೋವಿನೊಡನೆ ಕುತ್ತಿಗೆ ಬಿಗಿದರೆ, ಕಣ್ಣು ಕೆಂಪಾಗಿ ನೋಯತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಒಂದೇ ಹಾಸಿಗೆ, ಒಂದೇ ಬಚ್ಚಲು, ಕೆರೆಯ ನೀರು, ಶೌಚಾಲಯದ ಪೀಠ, ಒಟ್ಟಿಗೆ ಒಗೆದ ಬಟ್ಟೆ ಇವುಗಳಿಂದ ಜನನೇಂದ್ರಿಯದ ಹರ್ಪಿಸ್ ಹರಡುವುದಿಲ್ಲ. ವೈರಸ್ ದೇಹದಿಂದ ಹೊರಗೆ ಹೆಚ್ಚು ಹೊತ್ತು ಬದುಕುವುದಿಲ್ಲ. ರೋಗಿಗೆ ಬೇರೆ ತಟ್ಟೆ, ಬೇರೆ ಚಾಪೆ ಹಾಕಿ ಹೊರಗಿಡುವುದು ಅಜ್ಞಾನ.

ದಾಂಪತ್ಯ ಜೀವನ

ಹರ್ಪಿಸ್ ಬಂದಿತೆಂದು ದಾಂಪತ್ಯ ಸುಖವನ್ನು ತೊರೆಯಬೇಕಾಗಿಲ್ಲ. ಮುನ್ಸೂಚನೆ ಕಂಡ ಹೊತ್ತಿನಿಂದ ಹುಣ್ಣು ಪೂರ್ತಿ ಮಾಯ್ದು ಹೊಸ ಚರ್ಮ ಬರುವವರೆಗೆ ಕೂಡಬಾರದು. ಉಳಿದ ದಿನಗಳಲ್ಲಿ ನಿರೋಧ್ ಬಳಸಿದರೆ ಸೋಂಕು ಹರಡುವ ಸಂಭವ ಬಹಳಷ್ಟು ತಗ್ಗುತ್ತದೆ. 1968ರಿಂದ ನಮ್ಮ ದೇಶದಲ್ಲಿ ಪ್ರಚಾರದಲ್ಲಿರುವ ನಿರೋಧ್, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಅದು ಮುಚ್ಚದ ಚರ್ಮದ ಭಾಗದಿಂದ ಸೋಂಕು ತಗುಲಬಹುದಾದ್ದರಿಂದ ರಕ್ಷಣೆ ನೂರಕ್ಕೆ ನೂರಲ್ಲ. ವಂಕಿ, ನುಂಗುವ ಗುಳಿಗೆ, ಸಂತಾನಹರಣ ಶಸ್ತ್ರಕ್ರಿಯೆ ಇವು ಗರ್ಭವನ್ನು ತಡೆಯುತ್ತವೆಯೇ ಹೊರತು ಸೋಂಕನ್ನಲ್ಲ. ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಇನ್ನು ನಿರೋಧ್ ಏಕೆಂದು ಕೇಳುವುದುಂಟು. ಅವರಿಗೆ ಇದೇ ಉತ್ತರ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಸೋಂಕಿರುವಾಗ, ಸೋಂಕಿರುವವರು ಪ್ರತಿದಿನ ವ್ಯಾಲಾಸೈಕ್ಲೋವಿರ್ ಎಂಬ ಮಾತ್ರೆ ತೆಗೆದುಕೊಂಡರೆ ಮತ್ತೊಬ್ಬರಿಗೆ ಹರಡುವುದು ಸುಮಾರು ಅರ್ಧದಷ್ಟು ಇಳಿಯುತ್ತದೆಂದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಬ್ಬರಿಗೂ ಒಂದೇ ಬಗೆಯ ಸೋಂಕಿದ್ದಲ್ಲಿ ಒಬ್ಬರಿಂದೊಬ್ಬರಿಗೆ ಹೊಸದಾಗಿ ತಗುಲುವ ಚಿಂತೆಯಿಲ್ಲ. ಆದರೂ ಹುಣ್ಣಿರುವಾಗ ವಿಶ್ರಾಂತಿ ಕೊಡುವುದು ಯುಕ್ತ.

ಹರ್ಪಿಸ್‌ನಿಂದ ಬಂಜೆತನ ಬರುವುದಿಲ್ಲ, ಪುರುಷತ್ವ ಕುಂದುವುದಿಲ್ಲ. ಇದರಿಂದ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬರುತ್ತದೆಂದು 1970ರ ದಶಕದಲ್ಲಿ ವೈದ್ಯರಲ್ಲಿಯೇ ಅನೇಕರು ಶಂಕಿಸಿದ್ದರು. ಅದಕ್ಕೆ ಕಾರಣ ಬೇರೊಂದು ವೈರಸ್ ಎಂಬುದು ಮುಂದೆ ಸಿದ್ಧವಾಯಿತು. ಅದನ್ನು ತೋರಿಸಿಕೊಟ್ಟ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಬಸಿರು, ಹೆರಿಗೆ, ಹಸುಗೂಸು

ಬಹುಕಾಲದಿಂದ ಹರ್ಪಿಸ್ ಇರುವ ತಾಯಂದಿರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಗರ್ಭದಲ್ಲಿರುವಾಗಲೇ ಮಗುವಿಗೆ ಹರಿದು ಕಾಪಾಡುತ್ತವೆ. ಅಪಾಯವಿರುವುದು ಬಸಿರಿನ ಕೊನೆಯ ಮೂರು ತಿಂಗಳುಗಳಲ್ಲಿ ಮೊದಲ ಬಾರಿಗೆ ಸೋಂಕು ತಗುಲಿದಾಗ. ಪ್ರತಿಕಾಯಗಳು ಸಿದ್ಧವಾಗುವ ಮೊದಲೇ ಹೆರಿಗೆಯಾದರೆ ನೂರರಲ್ಲಿ 30ರಿಂದ 50 ಶಿಶುಗಳಿಗೆ ಸೋಂಕು ಅಂಟುವ ಸಂಭವವಿದೆ. ಆದುದರಿಂದ ಗಂಡನಿಗೆ ಸೋಂಕಿದ್ದು ಹೆಂಡತಿಗೆ ಇಲ್ಲವಾದರೆ, ಬಸಿರಿನ ಕೊನೆಯ ಮೂರು ತಿಂಗಳು ಸಂಭೋಗವನ್ನು ಪೂರ್ತಿ ನಿಲ್ಲಿಸಬೇಕು. ಈ ಒಂದು ವಿಷಯದಲ್ಲಿ ಸಡಿಲಿಕೆ ಕೂಡದು.

ತಾಯಿಗೇ ಹರ್ಪಿಸ್ ಇದ್ದರೆ ಬಸಿರಿನ 36ನೆಯ ವಾರದಿಂದ ಹೆರಿಗೆಯವರೆಗೆ ಅಸೈಕ್ಲೋವಿರ್ ಮಾತ್ರೆ ಕೊಡುವ ಪದ್ಧತಿಯಿದೆ. ಹೆರಿಗೆಯ ವೇಳೆಗೆ ಹುಣ್ಣು ಏಳದಿರಲೆಂಬುದು ಇದರ ಉದ್ದೇಶ. ನೋವು ಪ್ರಾರಂಭವಾದಾಗ ಹುಣ್ಣಾಗಲಿ ಮುನ್ಸೂಚನೆಯಾಗಲಿ ಇದ್ದಲ್ಲಿ ಸಿಸೇರಿಯನ್ ಶಸ್ತ್ರಕ್ರಿಯೆ ಮಾಡುತ್ತಾರೆ; ಇಲ್ಲವಾದರೆ ಸಹಜ ಹೆರಿಗೆಗೆ ಅಡ್ಡಿಯಿಲ್ಲ. ಇಲ್ಲಿ ನಮ್ಮ ಕಡೆಯ ಒಂದು ವಾಡಿಕೆಯನ್ನು ನೆನಪಿಡಬೇಕು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಗಂಡನ ಊರಿನ ವೈದ್ಯರಿಗೆ ತಿಳಿದಿದ್ದ ಸಂಗತಿ ತವರೂರಿನ ಆಸ್ಪತ್ರೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ತಾಯಿಯ ಮುಂದೆ, ಅತ್ತಿಗೆಯರ ಮುಂದೆ ಅವಳು ಬಾಯಿ ಬಿಡುವುದಿಲ್ಲ. ತಾಯಿ ಕಾರ್ಡಿನಲ್ಲಿ ಇದನ್ನು ಬರೆಸಿಡಬೇಕು. ಹೆರಿಗೆ ಮಾಡಿಸುವ ವೈದ್ಯರೊಡನೆ ಏಕಾಂತದಲ್ಲಿ ಮಾತನಾಡಬೇಕು. ಸಾಧ್ಯವಾದರೆ ಗಂಡನೇ ಒಮ್ಮೆ ಹೋಗಿ ತಿಳಿಸಿ ಬರುವುದು ಒಳ್ಳೆಯದು.

ಹಸುಗೂಸಿಗೆ ಹರ್ಪಿಸ್ ತಗುಲುವುದು ಅಪರೂಪ; ಜಗತ್ತಿನಲ್ಲಿ ಒಂದು ಲಕ್ಷ ಜನನಗಳಲ್ಲಿ ಹತ್ತರಷ್ಟೆಂದು ಅಂದಾಜು. ಆದರೆ ತಗುಲಿದರೆ ಬಹಳ ಕೆಟ್ಟದ್ದು. ಹುಟ್ಟಿದ ನಾಲ್ಕರಿಂದ ಆರು ವಾರಗಳೊಳಗೆ ಮಗು ಹಾಲು ಕುಡಿಯದೆ ಮಂಕಾದರೆ, ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ, ಸೆಳವು ಕಂಡರೆ, ಚರ್ಮ, ಕಣ್ಣು, ಬಾಯಿಗಳಲ್ಲಿ ನೀರುಗುಳ್ಳೆ ಎದ್ದರೆ, ದೃಷ್ಟಿಯಾಗಿದೆ, ಬಾಲಗ್ರಹವಾಗಿದೆ ಎಂದು ಕಾಲ ಕಳೆಯದೆ ಆ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬೇಗ ಚುಚ್ಚುಮದ್ದು ಆರಂಭಿಸಿದರೆ ಉಳಿಸಿಕೊಳ್ಳಬಹುದು. ತುಟಿಯ ಮೇಲೆ ಗುಳ್ಳೆಯಿರುವವರು, ಅಜ್ಜಿಯೇ ಆಗಲಿ ಸೋದರಮಾವನೇ ಆಗಲಿ, ಬಾಣಂತಿಯ ಕೋಣೆಗೆ ಬಂದು ಕೂಸಿಗೆ ಮುತ್ತಿಡಕೂಡದು. ಎದೆಹಾಲನ್ನು ನಿಲ್ಲಿಸಬೇಕಾಗಿಲ್ಲ, ಮೊಲೆಯ ಮೇಲೆಯೇ ಹುಣ್ಣಿದ್ದರೆ ಮಾತ್ರ ಮಾಯುವ ತನಕ ಆ ಕಡೆಯ ಮೊಲೆಯೂಡಬಾರದು.

ಜಿಲ್ಲಾ ಆಸ್ಪತ್ರೆಗಳಲ್ಲಿ ಹಾಗೂ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳ ಪರೀಕ್ಷೆ ಮತ್ತು ಚಿಕಿತ್ಸೆಗೆ ಸುರಕ್ಷಾ ಕ್ಲಿನಿಕ್‌ಗಳಿವೆ. ಅಲ್ಲಿ ಆಪ್ತ ಸಮಾಲೋಚಕರು ಪ್ರತ್ಯೇಕವಾಗಿ ಕುಳ್ಳಿರಿಸಿ ಮಾತನಾಡುತ್ತಾರೆ, ಹೇಳಿದ ವಿಷಯವನ್ನು ಗುಟ್ಟಾಗಿಡುತ್ತಾರೆ, ಔಷಧಿ ಉಚಿತ. ಊರಿನಲ್ಲಿ ಕೇಳಲು ಸಂಕೋಚವಾದರೆ 1097 ಎಂಬ ಶುಲ್ಕರಹಿತ ದೂರವಾಣಿಗೆ ಕರೆ ಮಾಡಿ ಹೆಸರು ಹೇಳದೆಯೇ ಸಲಹೆ ಪಡೆಯಬಹುದು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಬೇಕು. ಹೋಗುವಾಗ ಹಿಂದಿನ ಚೀಟಿಗಳು, ಅದುವರೆಗೆ ತೆಗೆದುಕೊಂಡ ಮಾತ್ರೆಯ ಪಟ್ಟಿ, ಹಚ್ಚಿದ ಮುಲಾಮಿನ ಖಾಲಿ ಕೊಳವೆ, ಬಸುರಿಯಾಗಿದ್ದಲ್ಲಿ ತಾಯಿ ಕಾರ್ಡು ಇವನ್ನು ಕೈಯಲ್ಲಿ ಹಿಡಿದು ಹೋಗತಕ್ಕದ್ದು.